ಎಡಗಾಲಿನ ಮೇಲೆ ಹೊರಿಸಿದ್ದು

ಜೂನ್ 9, ಸೋಮವಾರ

ಬೆಳಿಗ್ಗೆ ಎದ್ದವಳೇ ಮೆಣಸಿನ ಸಸಿಗೆ ನೀರು. ಬಾವಿ ಕಡೆಯ ಟ್ರೇಗಳಲ್ಲಿ ಬುಡ ಕೊಳೆಯುವುದು ಶುರುವಾಗಿದೆ. ಗಾದೆಮ್ಮಕ್ಕ ಅವನ್ನು ಬೇರೆ ಎತ್ತಿಟ್ಟಳು. ತಂಬ್ರಹಳ್ಳಿಯಲ್ಲಿ ನಾನು ನರ್ಸರಿ ಹಾಕಿದ ದಿನದಿಂದ ಕೆಲಸಕ್ಕಿದ್ದಾಳೆ. ಸಸಿ ನನ್ನವು ಅಂತ ಹೆಸರಿಗೆ. ಸಾಕುವವಳು ಅವಳು.

ಕೊಟ್ಟೂರಿನಲ್ಲಿ ಸಸಿ ಇಳಿಸಿ ವಾಪಸ್ ಹೊರಟರೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಕೀ ತಿರುವಿದರೆ ಸದ್ದೇ ಇಲ್ಲ. ಬ್ಯಾಟರಿ ಹೋಯಿತು ಅಂದುಕೊಂಡೆ. ಲೈಟ್ ಚೆನ್ನಾಗೇ ಉರಿಯುತ್ತಿತ್ತು. ಯಾವ ಗೇರಿನಲ್ಲಿದೆ ಅಂತ ತೋರಿಸುವ ಜಾಗ ಮಾತ್ರ ಖಾಲಿ.

ಜನ ಸೇರಿದರು. ‘ಕ್ಲಚ್ ಇಲ್ಲದ ಗಾಡಿ ತಗಂಡ್ರ ಹಿಂಗ’ ಅಂದ ಒಬ್ಬ. ಇನ್ನೊಬ್ಬ ನನ್ನ ಕಾಲು ನೋಡಿದ. ನೋಡಿ, ಬೇರೆ ಕಡೆ ನೋಡಿದ.

ಆ ನೋಟ ನನಗೆ ಹೊಸದಲ್ಲ. ಸಣ್ಣವಳಿದ್ದಾಗ ಬಂದ ಪೋಲಿಯೋ ಎಡಗಾಲನ್ನು ಒಣಗಿಸಿ ಹೋಯಿತು. ಅದಕ್ಕೇ ಅಲ್ಲವೇ ಈ ಗಾಡಿ. ಯಾರೋ ಓಡಿಸಿ ಬಿಟ್ಟ ಆಟೋಮ್ಯಾಟಿಕ್ ಪಿಕಪ್, ಹುಬ್ಬಳ್ಳಿಯಿಂದ ತಂದದ್ದು. ಬಲಗಾಲೇ ಆಕ್ಸಿಲರೇಟರ್, ಬಲಗಾಲೇ ಬ್ರೇಕ್. ಎಡಗಾಲಿಗೆ ಸುಮ್ಮನೆ ಕೂರುವ ಕೆಲಸ. ಓಡಿಸಲು ಕಲಿಸಿದ್ದು ಕೊಟ್ಟೂರಿನ ಮೆಕ್ಯಾನಿಕ್ ಮುನಾವರಣ್ಣ. ಬತ್ತಿದ ಕೆರೆಯ ಅಂಗಳದಲ್ಲಿ. ಅಪ್ಪ ಕುರಿ ಬಿಟ್ಟು ಬಂದು ಪಕ್ಕದ ಸೀಟಿನಲ್ಲಿ ಜೀವ ಬಿಗಿಹಿಡಿದು ಕೂತಿದ್ದ. ಒಂದು ಸಲವೂ ‘ಬ್ಯಾಡ’ ಅನ್ನಲಿಲ್ಲ.

ಗೇರ್ ರಾಡನ್ನು ನ್ಯೂಟ್ರಲ್ಲಿಗೆ ತಂದು ಸ್ವಲ್ಪ ಅಲ್ಲಾಡಿಸಿ ಕೀ ತಿರುವಿದೆ. ಸ್ಟಾರ್ಟ್ ಆಯಿತು. ಆ ಗುಂಪಿನ ಮುಂದೆ ಒಂದು ಹಾರ್ನ್ ಹೊಡೆದು ಬಂದೆ... ಹುಡುಗಾಟ.

ಜೂನ್ 11, ಬುಧವಾರ

ಮುನಾವರಣ್ಣನ ಗ್ಯಾರೇಜ್. ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ ಮೊದಲು ಕೈ ಒರೆಸಿಕೊಂಡ. ಕೆಟ್ಟ ಸುದ್ದಿ ಇದ್ದಾಗ ಹಾಗೆ ಮಾಡುತ್ತಾನೆ.

‘ಗೇರ್ ಸ್ವಿಚ್ ಒಡದೈತ್ರಿ ಅಕ್ಕಾ. ಹಳ್ಳದ ನೀರು ಹೊಕ್ಕೈತಿ. ಒಳಗಿನ ತಗಡು ತುಕ್ಕು ಹಿಡದು ಮುರದೈತಿ.’

ಗೇರ್‌ಬಾಕ್ಸಿನ ಪಕ್ಕಕ್ಕೆ ಅಂಟಿಕೊಂಡ ಅಂಗೈಯಗಲದ ಒಂದು ಸ್ವಿಚ್ಚು. ಗಾಡಿ ಯಾವ ಗೇರಿನಲ್ಲಿದೆ ಅಂತ ಕಂಪ್ಯೂಟರಿಗೆ ತಿಳಿಸುವುದು ಅದೇ. ಪಾರ್ಕಿಂಗಿನಲ್ಲೋ ನ್ಯೂಟ್ರಲ್ಲಿನಲ್ಲೋ ಇದ್ದರೆ ಮಾತ್ರ ಸ್ಟಾರ್ಟ್ ಆಗಲು ಬಿಡುತ್ತದೆ. ಹಿಂದಕ್ಕೆ ಹೋಗುವಾಗ ಲೈಟ್ ಹತ್ತುವುದು, ಪೀಂ ಪೀಂ ಅನ್ನುವುದು, ಅದೂ ಇದರಿಂದಲೇ.

‘ಈಗ ಅದು ಬಾಯಿಗೆ ಬಂದಂಗ ಹೇಳಾಕ ಹತ್ತೈತಿ. ರಿವರ್ಸ್‌ನಾಗಿದ್ರೂ ನ್ಯೂಟ್ರಲ್ ಅಂತೈತಿ. ಹೊಸಾದು ಹುಬ್ಬಳ್ಳ್ಯಾಗ ಇಲ್ಲಂತ, ಬೆಂಗ್ಳೂರಿಂದ ಬರಬೇಕು. ಅಲ್ಲೀತನಕ ಗಾಡಿ ಇಲ್ಲೇ ಬಿಡ್ರಿ.’

‘ಸಸಿ ಬಲೀತಾವಣ್ಣ. ಮಳಿ ಬಿದ್ದೈತಿ, ಎಲ್ರೂ ಫೋನ್ ಮಾಡಾಕ ಹತ್ಯಾರ.’

‘ಬ್ಯಾರೆ ಗಾಡಿ ಮಾಡ್ರಿ.’

ಕೀಗೆ ಕೈ ಚಾಚಿದೆ. ಅವನಿಗೆ ಅರ್ಥವಾಯಿತು.

‘ಒಯ್ತೀನಂದ್ರ ಒಯ್ರಿ. ಆದ್ರ ಸ್ಟಾರ್ಟ್ ಮಾಡೂವಾಗ ಹಿಂದ ಮುಂದ ಒಂದು ನರಪಿಳ್ಳಿನೂ ನಿಲ್ಲಬಾರ್ದು. ಬ್ರೇಕ್ ಮ್ಯಾಲಿನ ಕಾಲು ತಗೀಬಾರ್ದು. ಕೇಳಿಸ್ತಿಲ್ರಿ?’

ಕೇಳಿಸಿತು ಅಂದೆ.

ಅಫ್ರೀನ್ ಬಂದಳು. ಮುನಾವರಣ್ಣನ ಮಗಳು, ಬಿ.ಕಾಂ. ಮುಗಿಸಿದ್ದಾಳೆ. ಅವಳ ಎಡಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಗಿದೆ. ಭಾನುವಾರಗಳಂದು ನನ್ನ ಗಾಡಿಯಲ್ಲೇ ಡ್ರೈವಿಂಗ್ ಕಲಿಯುತ್ತಾಳೆ. ಲರ್ನಿಂಗ್ ಲೈಸೆನ್ಸ್ ಆಗಿದೆ. ಟೆಸ್ಟ್ ಮುಂದಿನ ತಿಂಗಳ ಮೊದಲ ವಾರ.

‘ನಮ್ ದಾದಿ ನನ್ನ ಬಿಟ್ಟಾಳಂದ್ರ ಅದು ನಿಮ್ಮನ್ನ ನೋಡಿ ರೀ ಅಕ್ಕಾ’ ಅಂದಳು. ದಾದಿ ಅಂದರೆ ಪೀರ್ ಬೀ, ಮುನಾವರಣ್ಣನ ತಾಯಿ. ಆ ಮನೆಯಲ್ಲಿ ಅವಳ ಮಾತು ದಾಟುವವರಿಲ್ಲ.

ದಾರಿಯುದ್ದಕ್ಕೂ ಆ ಮಾತು ನೆನೆಸಿಕೊಂಡು ಖುಷಿಪಟ್ಟೆ.

ಜೂನ್ 13, ಶುಕ್ರವಾರ

ಕೂಡ್ಲಿಗಿ, ಅಲ್ಲಿಂದ ಹರಪನಹಳ್ಳಿ ಕಡೆ. ಗಾಡಿ ಒಯ್ದೆ. ಉಪಾಯ ಕೈಗೆ ಹತ್ತಿದೆ: ರಾಡನ್ನು ನ್ಯೂಟ್ರಲ್‌ನಿಂದ ಒಂಚೂರು ರಿವರ್ಸ್ ಕಡೆಗೆ ಎಳೆದು ಹಿಡಿದರೆ ಸ್ಟಾರ್ಟ್ ಆಗುತ್ತದೆ. ಮೊದಲ ಎರಡು ಕಡೆ ಗಾದೆಮ್ಮಕ್ಕನನ್ನು ಪಕ್ಕಕ್ಕೆ ಕಳಿಸಿದೆ. ಆಮೇಲೆ ಮರೆತೆ. ಏನೂ ಆಗಲಿಲ್ಲ.

ಅಪ್ಪನಿಗೆ ಹೇಳಿಲ್ಲ. ಹೇಳಿದರೆ ಬೈಯುವುದಿಲ್ಲ, ಬೇರೆ ಗಾಡಿ ಗೊತ್ತು ಮಾಡುತ್ತಾನೆ. ಊರ ತುಂಬ ಒಂದೇ ಮಾತಾಗುತ್ತದೆ, ಕೀರ್ತನಾಳ ಗಾಡಿ ನಿಂತಿತು ಅಂತ. ಆ ಮಾತಿಗೆ ಕಾದು ಕೂತವರು ಕಡಿಮೆ ಇಲ್ಲ.

ಜೂನ್ 15, ಭಾನುವಾರ

ಅಫ್ರೀನ್ ಫೋನ್ ಮಾಡಿದ್ದಳು, ಇವತ್ತು ಬರಲೇ ಅಂತ. ಹಡಗಲಿಗೆ ಹೋಗುವುದಿದೆ ಅಂದೆ. ಹಡಗಲಿಗೆ ಹೋಗುವುದು ಇರಲಿಲ್ಲ. ಈ ಗಾಡಿಯನ್ನು ಅವಳ ಕೈಗೆ ಕೊಡಲು ಹೆದರಿಕೆ.

ಜೂನ್ 17, ಮಂಗಳವಾರ

ಉಜ್ಜಿನಿಯಲ್ಲಿ ಇವತ್ತು

ಜೂನ್ 20, ಶುಕ್ರವಾರ. ಹೊಸಪೇಟೆ, ಆಸ್ಪತ್ರೆ

ಬರೆಯಬೇಕು. ಯಾರಿಗೂ ಹೇಳದ್ದನ್ನು ಇಲ್ಲಾದರೂ.

ಉಜ್ಜಿನಿಯ ಹೊರಗೆ ದುರುಗಣ್ಣನ ಹೊಲ. ಮೆಣಸಿನ ಸಸಿ ಅರ್ಧ ಇಳಿಸಿಯಾಗಿತ್ತು. ಉಳಿದದ್ದನ್ನು ಆಚೆ ಮಡಿಯ ಹತ್ತಿರ ಇಳಿಸಬೇಕು, ಗಾಡಿ ಸ್ವಲ್ಪ ಮುಂದಕ್ಕೆ ತಾ ಅಂದ ದುರುಗಣ್ಣ. ಗಾದೆಮ್ಮಕ್ಕ ಗಾಡಿಯ ಹಿಂದೆ ಹಲಗೆ ಮುಚ್ಚುತ್ತಿದ್ದಳು. ಅವಳ ಬೆನ್ನಿಗೆ ಬೇಲಿಯ ಕಲ್ಲುಕಂಬ. ನನಗೆ ಗೊತ್ತಿತ್ತು ಅವಳಲ್ಲಿದ್ದಾಳೆ ಅಂತ. ಕನ್ನಡಿಯಲ್ಲಿ ಅವಳ ಹಸಿರು ಸೆರಗು ಕಾಣುತ್ತಿತ್ತು.

ದುರುಗಣ್ಣ ಏನೋ ಕೇಳಿದ. ಬಾಗಿಲಿನಿಂದ ಬಗ್ಗಿ ಉತ್ತರ ಕೊಡುತ್ತಾ, ಒಂದು ಕೈಯಲ್ಲಿ ರಾಡ್ ಅಲ್ಲಾಡಿಸುತ್ತಾ, ಇನ್ನೊಂದರಲ್ಲಿ ಕೀ ತಿರುವಿದೆ. ಬ್ರೇಕಿನ ಮೇಲೆ ಕಾಲು ಇರಲಿಲ್ಲ. ರಾಡ್ ರಿವರ್ಸಿಗೆ ಜಾರಿತ್ತು. ಇಂಜಿನ್ ಹಿಡಿಯಿತು, ಗಾಡಿ ಹಿಂದಕ್ಕೆ ಹಾರಿತು. ಲೈಟ್ ಹತ್ತಲಿಲ್ಲ. ಪೀಂ ಅನ್ನಲಿಲ್ಲ. ಕೂಗೇ ಮೊದಲು ಕೇಳಿಸಿದ್ದು.

ಬ್ರೇಕ್ ಒತ್ತಿದೆ. ಬಲಗಾಲು ಒತ್ತಬೇಕಾದ ಹಾಗೇ ಒತ್ತಿತು. ಗಾಡಿ ಮುಂದೆ ತಂದು ಇಳಿದು ಓಡಿದೆ. ಅವಳ ಬಲಗೈ ಹಲಗೆಗೂ ಕಂಬಕ್ಕೂ ನಡುವೆ ಸಿಕ್ಕಿತ್ತು. ಮುಂಗೈ ಮಡಚಬಾರದ ಕಡೆ ಮಡಚಿಕೊಂಡಿತ್ತು.

ಹೊಲದ ಹೆಣ್ಣಾಳುಗಳೆಲ್ಲ ಬಂದರು. ದುರುಗಣ್ಣ ನನ್ನ ತೋಳು ಹಿಡಿದು ಅಲುಗಿಸಿದ. ‘ಏನ್ ಮಾಡಿದಿ ತಂಗೀ? ಏನಾತು?’

‘ಕಾಲು... ಕಾಲು ಸ್ವಾಧೀನ ತಪ್ಪಿಬಿಡ್ತಣ್ಣಾ.’

ಬಾಯಿಂದ ತಾನಾಗೇ ಬಂತು ಅಂತ ಬರೆಯಲು ಹೊರಟಿದ್ದೆ. ತಾನಾಗೇ ಬರಲಿಲ್ಲ. ಸ್ವಿಚ್ ಅಂತ ಮೊದಲು ಬಾಯಿಗೆ ಬಂದದ್ದು. ಹಾಗಂದರೆ ಮುಂದಿನ ಪ್ರಶ್ನೆ ‘ನಿನಗ ಗೊತ್ತಿತ್ತೇನು?’ ಆಗುತ್ತದೆ ಅಂತ ಹೊಳೆಯಿತು. ಆಗ ಕಾಲು ಅಂದೆ. ಅಷ್ಟು ಗದ್ದಲದಲ್ಲೂ ಅಷ್ಟು ಲೆಕ್ಕ ಹಾಕಲು ನನಗೆ ಪುರುಸೊತ್ತು ಇತ್ತು.

ಎಲ್ಲರ ಮುಖ ಮೆತ್ತಗಾಯಿತು. ಕಣ್ಣಾರೆ ನೋಡಿದೆ. ‘ಅಯ್ಯ ಪಾಪ, ದೇವ್ರು ಕೊಟ್ಟ ಕಾಲೇ ಹಂಗ, ಆಕಿ ಏನ್ ಮಾಡ್ಯಾಳು’ ಅಂದಳೊಬ್ಬಳು. ಒಬ್ಬಳು ನನಗೇ ನೀರು ತಂದುಕೊಟ್ಟಳು. ಗಾದೆಮ್ಮಕ್ಕ ನೆಲದ ಮೇಲೆ ಬಿದ್ದಿದ್ದಾಳೆ, ಇವರು ನೀರು ತಂದದ್ದು ನನಗೆ. ಕುಡಿದೆ.

ಜೂನ್ 21, ಶನಿವಾರ

ನನ್ನ ಗಾಡಿ ಅಲ್ಲೇ ಬಿಟ್ಟು ದುರುಗಣ್ಣನ ಗೂಡ್ಸ್ ಆಟೋದಲ್ಲಿ ಅವಳನ್ನು ಕರೆತಂದದ್ದು. ದಾರಿಯಲ್ಲಿ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು. ನನ್ನನ್ನೇ ಸಮಾಧಾನ ಮಾಡುತ್ತಿದ್ದಳು.

‘ಅಳಬ್ಯಾಡ ಕೀರ್ತವ್ವ. ನಿನ್ ಕೈಯಾಗೇನೈತಿ.’

ಡಾಕ್ಟರ್ ಕೇಳಿದಾಗ ಬದುವಿನ ಮೇಲಿಂದ ಕಲ್ಲಿನ ಮೇಲೆ ಬಿದ್ದೆ ಅಂದಳು. ನನ್ನ ಕಡೆ ನೋಡಿ ಕಣ್ಣಲ್ಲೇ ಸುಮ್ಮನಿರು ಅಂದಳು. ನಾನೂ ಸುಮ್ಮನಿದ್ದೆ. ಈಗ ಸುಳ್ಳು ಎರಡಾದವು. ಒಂದು ನನ್ನದು, ಇನ್ನೊಂದು ನನಗೋಸ್ಕರ ಅವಳು ಹೇಳಿದ್ದು.

ಆಪರೇಷನ್ ಆಯಿತು. ಒಳಗೆ ಪ್ಲೇಟ್ ಹಾಕಿದ್ದಾರೆ. ಮೂಳೆ ಕೂಡುತ್ತದಂತೆ. ಬೆರಳುಗಳ ಹಿಡಿತ ಮೊದಲಿನ ಹಾಗೆ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಅಂದರು.

ಎರಡೆಲೆಯ ಸಸಿಯನ್ನು ಬೇರು ಅಲುಗದ ಹಾಗೆ ಎತ್ತುವ ಬೆರಳು ಅವು.

ಜೂನ್ 24, ಮಂಗಳವಾರ

ಮನೆ. ಗಾದೆಮ್ಮಕ್ಕನ ಹತ್ತಿರ ಅವಳ ತಂಗಿ ಇದ್ದಾಳೆ.

ಅಪ್ಪ ಗಾಡಿಯ ಕೀ ಕೇಳಿದ. ಕೊಟ್ಟೆ. ಉಡುದಾರಕ್ಕೆ ಕಟ್ಟಿಕೊಂಡ. ‘ಇನ್ ಸಾಕವ್ವ’ ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಲೆ ಸವರಿದ.

ಸಂಜೆ ಕಟ್ಟೆಯ ಮೇಲೆ ಯಾರಿಗೋ ಹೇಳುತ್ತಿದ್ದ. ಗೋಡೆಯ ಈಚೆಯಿಂದ ಕೇಳಿಸಿತು. ‘ತಪ್ಪು ನಂದು. ಎಲ್ರೂ ಬ್ಯಾಡ ಬ್ಯಾಡ ಅಂದ್ರು. ನಾನ ಕೇಳ್ಲಿಲ್ಲ. ಕುಂಟ ಕೂಸಿನ ಕೈಯಾಗ ಗಾಡಿ ಕೊಟ್ಟೆ.’

ಅಪ್ಪನ ಬಾಯಲ್ಲಿ ಆ ಪದ. ನಾನು ಶಾಲೆಯಲ್ಲಿದ್ದಾಗ ಮೇಷ್ಟ್ರು ಒಬ್ಬರು ಹಾಗೆ ಕರೆದರು ಅಂತ ಕುರಿ ಬಿಟ್ಟು ಬಂದು, ಶಾಲೆಯ ಬಾಗಿಲಲ್ಲಿ ನಿಂತು ಜಗಳ ತೆಗೆದಿದ್ದ. ಮನೆಯಲ್ಲಿ ಯಾರೂ ಆ ಪದ ಆಡುವ ಹಾಗಿರಲಿಲ್ಲ. ಇವತ್ತು ಅವನೇ ಆಡಿದ. ಆಡಿಸಿದ್ದು ನಾನು.

ಹೊರಗೆ ಹೋಗಿ ಹೇಳಬಹುದಿತ್ತು. ಬಾಗಿಲವರೆಗೆ ಹೋದೆ ಕೂಡ.

ಜೂನ್ 26, ಗುರುವಾರ

ಮುನಾವರಣ್ಣ ಫೋನ್ ಮಾಡಿದ. ಸ್ವಿಚ್ ಬಂದಿದೆ, ಗಾಡಿ ಇನ್ನೂ ಉಜ್ಜಿನಿಯಲ್ಲೇ ಇದೆಯಂತಲ್ಲ, ಅಲ್ಲಿಗೇ ಬಂದು ಹಾಕುತ್ತೇನೆ ಅಂದ. ಅಪ್ಪನ ಟಿವಿಎಸ್ಸಿನ ಹಿಂದೆ ಕೂತು ಹೋದೆ. ಕಲ್ಲುಕಂಬ ಒಂದು ಕಡೆಗೆ ವಾಲಿದೆ. ಇಳಿಸದೆ ಉಳಿದ ಸಸಿಗಳನ್ನು ದುರುಗಣ್ಣನೇ ಇಳಿಸಿ, ನೀರು ಹಾಕಿ, ನೆಟ್ಟುಬಿಟ್ಟಿದ್ದಾನೆ. ಚಿಗುರಿವೆ.

ಮುನಾವರಣ್ಣ ಗೋಣಿಚೀಲ ಹಾಸಿದ. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟ. ಬ್ಯಾಟರಿ ವೈರ್ ಬಿಚ್ಚಿದ. ಒಳಗೆ ಹೋಗಿ ಮಲಗಿದ. ಅಲ್ಲಿಂದಲೇ ‘ನ್ಯೂಟ್ರಲ್‌ಗೆ ತಗೀರಿ’ ಅಂದ. ತೆಗೆದೆ.

ದುರುಗಣ್ಣ ಬಂದು ಬಗ್ಗಿ ನೋಡಿದ. ‘ಏನಾಗೈತ್ರಿ ಗಾಡಿಗೆ?’

ಮುನಾವರಣ್ಣನ ಕೈ ನಿಂತಿತು. ಚಕ್ರದ ಸಂದಿಯಿಂದ ಅವನ ಕಣ್ಣು ಮಾತ್ರ ನನಗೆ ಕಾಣುತ್ತಿತ್ತು. ನಾನು ಹೇಳಲಿ ಅಂತ ಕಾದ. ಅಪ್ಪನೂ ನನ್ನ ಕಡೆ ನೋಡಿದ.

‘ಏನಿಲ್ಲಣ್ಣ. ಸರ್ವಿಸ್.’

ಬೋಲ್ಟು ಬಿಚ್ಚುವ ಪಾನಾ ತಿರುಗುವ ಸದ್ದು ಮತ್ತೆ ಶುರುವಾಯಿತು.

ಹಳೆಯ ಸ್ವಿಚ್ ಸುಲಭಕ್ಕೆ ಬರಲಿಲ್ಲ. ತುಕ್ಕಿಗೆ ಅಂಟಿ ಕೂತಿತ್ತು. ಎಣ್ಣೆ ಬಿಟ್ಟು, ಕಾದು, ಮೆಲ್ಲಗೆ ಬಡಿದ. ಬಂದದ್ದು ಎರಡು ಹೋಳಾಗಿ ಬಂತು. ಹೊಸದನ್ನು ಕೂರಿಸುವಾಗ ಬಹಳ ಹೊತ್ತು ತೆಗೆದುಕೊಂಡ. ಅದರ ಮೇಲಿನ ಗೆರೆಯೂ ಒಳಗಿನ ಗೆರೆಯೂ ನ್ಯೂಟ್ರಲ್ಲಿನಲ್ಲಿ ನೇರ ಕೂಡಬೇಕು. ಕೂದಲೆಳೆ ಆಚೀಚೆ ಆದರೂ ಮತ್ತೆ ಸುಳ್ಳು ಹೇಳುತ್ತದೆ ಅಂದ. ಗಾಡಿಯ ವಿಷಯವೇ ಹೇಳಿದ್ದು. ನನ್ನ ಕಿವಿ ಸುಟ್ಟಿತು.

ವೈರಿನ ಕಪ್ಪು ಗೂಡು ಟಕ್ ಅಂತ ಕೂತಿತು. ಬ್ಯಾಟರಿ ಕೊಟ್ಟ. ಎಲ್ಲರನ್ನೂ ದೂರ ನಿಲ್ಲಿಸಿ ತಾನೇ ಸೀಟಿನಲ್ಲಿ ಕೂತ. ಪಾರ್ಕಿಂಗಿನಲ್ಲಿ ಸ್ಟಾರ್ಟ್ ಆಯಿತು. ನ್ಯೂಟ್ರಲ್ಲಿನಲ್ಲಿ ಆಯಿತು. ಬ್ರೇಕ್ ಒತ್ತಿ ಹಿಡಿದು ರಿವರ್ಸಿಗೆ ಹಾಕಿದ. ಹಿಂದಿನ ಬಿಳಿ ಲೈಟ್ ಹತ್ತಿತು. ಪೀಂ ಪೀಂ ಪೀಂ. ಆ ಸದ್ದಿಗೆ ದುರುಗಣ್ಣನ ನಾಯಿ ಬೊಗಳಿತು. ಕೊನೆಗೆ ಇಂಜಿನ್ ಆರಿಸಿ, ರಿವರ್ಸಿನಲ್ಲೇ ಇಟ್ಟು ಕೀ ತಿರುವಿದ. ಸದ್ದೇ ಇಲ್ಲ. ಮತ್ತೆ ತಿರುವಿದ. ಇಲ್ಲ.

‘ನೋಡ್ರಿ, ಈಗ ಒಲ್ಲೆ ಅಂತೈತಿ. ಹಿಂಗ ಒಲ್ಲೆ ಅನ್ನಾಕಂತ ಇಟ್ಟಿರೋದಿದನ್ನ.’

ಅಪ್ಪ ಕೀ ನನಗೆ ಕೊಡಲಿಲ್ಲ. ‘ನೀವ ಮನೀತನಕ ತಂದು ಬಿಡ್ರಿ’ ಅಂದ ಅವನಿಗೆ. ನನ್ನ ಗಾಡಿಯ ಹಿಂದೆ ಟಿವಿಎಸ್ಸಿನಲ್ಲಿ ಅಪ್ಪನ ಬೆನ್ನಿಗೆ ಕೂತು ಬಂದೆ. ಧೂಳು ತಿನ್ನುತ್ತಾ.

ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದಾಗ ಮುನಾವರಣ್ಣ ಒಂದೇ ಮಾತು ಆಡಿದ. ‘ಅಫ್ರೀನ್‌ದು ಟೆಸ್ಟ್ ಕ್ಯಾನ್ಸಲ್ ಮಾಡ್ಸಿವ್ರಿ. ನಮ್ ಅಮ್ಮಾ ಒಲ್ಲೆ ಅಂತಾಳ.’

ಬಸ್ ಬಂತು. ಹತ್ತಿ ಹೋದ.

ಜೂನ್ 28, ಶನಿವಾರ

ಅಫ್ರೀನ್ ಫೋನ್. ಮೊದಲು ಗಾದೆಮ್ಮಕ್ಕನ ಕೈ ಕೇಳಿದಳು.

‘ಅಕ್ಕಾ, ಒಂದು ಕೇಳ್ಲೇನ್ರಿ? ಬ್ಯಾಸರ ಮಾಡ್ಕೋಬಾರ್ದು.’

‘ಕೇಳು.’

‘ನಿಮ್ದು ಎಡಗಾಲಲ್ರಿ? ಆ ಗಾಡ್ಯಾಗ ಎಡಗಾಲಿಗೆ ಏನೂ ಕೆಲ್ಸ ಇಲ್ಲಲ್ರಿ. ಮತ್ತ ಅದು ಹೆಂಗ ಸ್ವಾಧೀನ ತಪ್ತು?’

ಅನುಮಾನವಿಲ್ಲ ಅವಳ ದನಿಯಲ್ಲಿ. ಹೆದರಿಕೆ. ನನಗೆ ಗೊತ್ತಿಲ್ಲದ ಹಾಗೆ ಎಡಗಾಲು ಏನಾದರೂ ಮಾಡುತ್ತದೇನೋ, ನಾಳೆ ತನ್ನದೂ ಮಾಡುತ್ತದೇನೋ ಅಂತ.

‘ದಾದಿ ಅಂತಾಳ, ಕೀರ್ತನಮ್ಮನಂಥಾಕಿಗೇ ಹಿಂಗಾದ್ರ ನಿನ್ ಗತಿ ಏನು ಅಂತ. ನಾ ಏನ್ ಹೇಳ್ಲಿ ರೀ ಅಕ್ಕಾ ಆಕಿಗೆ?’

ಸಿಗ್ನಲ್ ಸಿಗುತ್ತಿಲ್ಲ ಅಂದು ಫೋನ್ ಇಟ್ಟೆ.

ಜೂನ್ 15ರಂದು ಬರೆದದ್ದನ್ನು ಈಗ ತಿರುಗಿಸಿ ಓದಿದೆ. ಅಫ್ರೀನ್ ಕೈಗೆ ಕೊಡಲು ಹೆದರಿಕೆ ಅಂತಿದೆ. ಅಂದರೆ ಗೊತ್ತಿತ್ತು. ಚೆನ್ನಾಗೇ ಗೊತ್ತಿತ್ತು. ಅಫ್ರೀನ್ ಮೇಲೆ ಇದ್ದ ಕಾಳಜಿ ಗಾದೆಮ್ಮಕ್ಕನ ಮೇಲೆ ಯಾಕಿರಲಿಲ್ಲ? ದಿನಾ ಪಕ್ಕದಲ್ಲೇ ಇರುವವಳು ಅಂತಲೇ? ಕೂಲಿಯವಳು ಅಂತಲೇ?

ಉತ್ತರ ಗೊತ್ತು. ಬರೆಯಲಾರೆ.

ಜುಲೈ 2, ಬುಧವಾರ

ಸಸಿಗಳಿಗೆ ನೀರು. ಫೋನ್‌ಗಳಿಗೆ ಉತ್ತರ ಕೊಟ್ಟಿಲ್ಲ. ಅವ್ವ ಎಡಗಾಲಿಗೆ ಎಣ್ಣೆ ತಿಕ್ಕಲು ಬಂದಳು. ‘ಸೋತಿರಬೇಕು’ ಅಂತ. ಬೇಡ ಅನ್ನಲು ಕಾರಣ ಸಿಗಲಿಲ್ಲ. ತಿಕ್ಕಿಸಿಕೊಂಡೆ.

ಜುಲೈ 4, ಶುಕ್ರವಾರ

ಗಾದೆಮ್ಮಕ್ಕನನ್ನು ಮನೆಗೆ ಕಳಿಸಿದ್ದಾರೆ. ಮಧ್ಯಾಹ್ನ ಹೋದೆ. ಕೈ ಕೊರಳಿಗೆ ಕಟ್ಟಿಕೊಂಡು ಹೊಸ್ತಿಲ ಹತ್ತಿರ ಕೂತಿದ್ದಳು. ಬೆರಳು ಊದಿವೆ. ನನ್ನನ್ನು ಕಂಡು ಎದ್ದು ಚಾಪೆ ಹಾಸಲು ಹೋದಳು, ಎಡಗೈಯಲ್ಲಿ.

‘ಬಾ ಕೀರ್ತವ್ವ. ಕಾಲು ಹೆಂಗೈತಿ? ಉಜ್ಜಿನಿ ಸ್ವಾಮಿಗೆ ಬೇಡ್ಕೊಂಡೀನಿ. ನಿನ್ ಕಾಲಿಗೆ ಒಂದೀಟು ಶಕ್ತಿ ಕೊಡು ಅಂತ. ಪಾದಯಾತ್ರಿ ಬರ್ತೀನಿ ಅಂದೀನಿ.’

ತನ್ನ ಕೈಗೆ ಬೇಡಿಕೊಂಡಿಲ್ಲ. ನನ್ನ ಕಾಲಿಗೆ.

ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದೆ. ಸ್ವಿಚ್ ಒಡೆದಿತ್ತು. ಮುನಾವರಣ್ಣ ಎಚ್ಚರಿಸಿದ್ದ. ಹಿಂದೆ ಯಾರನ್ನೂ ನಿಲ್ಲಿಸಬೇಡ ಅಂದಿದ್ದ. ನಾನು ಗಾಡಿ ಬಿಡಲಿಲ್ಲ. ಕಾಲಿಗೆ ಏನೂ ಆಗಿರಲಿಲ್ಲ.

ಬೀದಿಯಲ್ಲಿ ಯಾರೋ ಕೊಡ ಹೊತ್ತು ಹೋದರು. ಅವಳು ಕ್ಷಮಿಸುತ್ತಾಳೆ ಅಂತ ನನ್ನ ಮನಸ್ಸಿನ ಒಂದು ಮೂಲೆ ನಂಬಿಕೊಂಡೇ ಬಂದಿತ್ತು. ಈಗ ಗೊತ್ತಾಗುತ್ತಿದೆ.

‘ಗೊತ್ತಿತ್ತಾ ನಿಂಗ?’

‘ಗೊತ್ತಿತ್ತು.’

‘ಹಿಂದ ನಿಲ್ಲಬ್ಯಾಡ ಗಾದೆಮ್ಮ ಅಂತ ಒಂದ್ ಮಾತು. ಒಂದೇ ಮಾತು. ಬಾಯಿ ಬರ್ತಿದ್ದಿಲ್ಲೇನು?’

ಅವಳು ನನ್ನ ಮೇಲೆ ದನಿ ಎತ್ತಿದ್ದನ್ನು ಇವತ್ತೇ ಕೇಳಿದ್ದು. ಒಳಗಿನಿಂದ ಅವಳ ತಂಗಿ ಬಂದು ನಿಂತಳು.

‘ನಿನ್ ಕಾಲಂತ ನಾ ಡಾಕ್ಟ್ರ ಮುಂದ ಸುಳ್ ಹೇಳ್ದೆ. ಕೈ ಹೋದ್ರ ಹೋಗ್ಲಿ, ಆ ಕೂಸಿಗೆ ಕೆಟ್ ಹೆಸ್ರು ಬರಬಾರ್ದು ಅಂತ. ದಿನಾ ಅತ್ತೀನಿ ನಿನ್ ಸಲುವಾಗಿ. ನಂಗಲ್ಲ, ನಿಂಗ!’

‘ತಪ್ಪಾತಕ್ಕಾ.’

‘ನಂಗೊಬ್ಬಾಕಿಗೆ ಹೇಳಿದ್ರ ಏನಾತು? ನಾ ಯಾರಿಗೆ ಹೇಳ್ಲಿ? ಉಜ್ಜಿನ್ಯಾಗ ಅಷ್ಟ್ ಮಂದಿ ಮುಂದ ಕಾಲು ಅಂದ್ಯಲ್ಲ, ಅಲ್ಲೇ ಹೋಗಿ ಹೇಳು. ಹೇಳಿ ಆಮ್ಯಾಲ ನನ್ ಹೊಸ್ತಿಲಿಗೆ ಬಾ. ಈಗ ಹೋಗು.’

ಹೋಗು ಅಂದಳು. ಬಂದೆ.

ಜುಲೈ 6, ಭಾನುವಾರ

ಅಪ್ಪನಿಗೆ ಹೇಳಿದೆ. ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ತೆಗೆದು ಮುಗಿಸುವವರೆಗೂ ತಲೆ ಎತ್ತಲಿಲ್ಲ.

‘ಕಟ್ಟಿ ಮ್ಯಾಲೆ ನಾ ಏನೇನ್ ಅಂದೆ, ಕೇಳ್ಸಿತ್ತಾ ನಿಂಗ?’

‘ಕೇಳ್ಸಿತ್ತಪ್ಪಾ.’

‘ಕೇಳ್ಸಿನೂ ಒಳಗ ಕುಂತಿದ್ದ್ಯಲ್ಲ.’

ಅಷ್ಟೇ. ಎದ್ದು ಕುರಿ ಹೊಡೆದುಕೊಂಡು ಹೋದ. ಊಟಕ್ಕೆ ಬರಲಿಲ್ಲ. ಅವ್ವ ಬುತ್ತಿ ಕಟ್ಟಿ ಕಳಿಸಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ ಅವಳೂ.

ಜುಲೈ 8, ಮಂಗಳವಾರ

ಬೆಳಿಗ್ಗೆ ನೋಡಿದರೆ ಗಾಡಿಯ ಕೀ ಅಡುಗೆಮನೆಯ ಗೂಡಿನಲ್ಲಿತ್ತು. ಅಪ್ಪ ಆಗಲೇ ಹೊರಟುಹೋಗಿದ್ದ. ಕೈಗೇ ಕೊಡಬಹುದಿತ್ತು. ಕೊಡಲಿಲ್ಲ.

ಜುಲೈ 9, ಬುಧವಾರ

ಕೊಟ್ಟೂರು. ಮೊದಲ ಸಲ ಓಡಿಸಿದೆ ಆಮೇಲೆ. ಸ್ಟಾರ್ಟ್ ಮಾಡುವ ಮೊದಲು ಇಳಿದು ಗಾಡಿಯ ಸುತ್ತ ಬಂದೆ. ಮತ್ತೆ ಬಂದೆ.

ಮುನಾವರಣ್ಣ ಮನೆಯಲ್ಲಿರಲಿಲ್ಲ. ಒಳ್ಳೆಯದೇ ಆಯಿತು. ಪೀರ್ ಬೀ ಮಂಚದ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಬಾ ಅಂದಳು, ಕೂರು ಅಂದಳು, ಕೈ ಮಾತ್ರ ನಿಲ್ಲಲಿಲ್ಲ. ಎಲ್ಲ ಹೇಳಿದೆ. ಅವಳ ಮಗ ಎಚ್ಚರಿಸಿದ್ದನ್ನೂ ಹೇಳಿದೆ.

‘ಮುನಾವರ ನಂಗ ಹೇಳ್ಲೇ ಇಲ್ಲ ನೋಡು’ ಅಂದಳು. ‘ಏನಪ್ಪಾ ಆತು ಅಂದ್ರ ಸುಮ್ನಿದ್ದ. ನಿನ್ ಮಾನ ಕಾಯಾಕ ಕುಂತಾನ. ಮಗಳ ಟೆಸ್ಟ್ ಹೋದ್ರೂ ಬಾಯಿ ಬಿಟ್ಟಿಲ್ಲ.’

ತಲೆ ಎತ್ತಲಾಗಲಿಲ್ಲ. ಅವನು ಸುಮ್ಮನಿದ್ದುದಕ್ಕೆ ಅವನ ಮಗಳು ಬೆಲೆ ತೆತ್ತಳು.

‘ಹಂಗಾರ ಕಾಲಿಗೆ ಏನೂ ಆಗಿಲ್ಲ?’

‘ಇಲ್ರಿ ಅಜ್ಜಿ.’

‘ಕಾಲು ನೆಟ್ಟಗಿದ್ದೋರು ಹೇಳೋ ಸುಳ್ಳು ನೀನೂ ಹೇಳಿದಿ ಬಿಡು. ಅದ್ರಾಗೇನ್ ನೀ ಕಮ್ಮಿ ಇಲ್ಲ.’ ನಕ್ಕಳೋ ಬೈದಳೋ ತಿಳಿಯಲಿಲ್ಲ. ಹುಣಸೆಬೀಜ ಒಂದು ಕಡೆ ಗುಡ್ಡೆ ಮಾಡಿದಳು. ‘ಅಫ್ರೀನ್‌ಗೆ ನಾ ಒಲ್ಲೆ ಅಂದಿದ್ದು ತಪ್ಪಾತು ಅಂತ ನಾ ಹೇಳ್ತೀನಿ. ನಿಂದು ನೀ ಹೇಳ್ಕೋ.’

ಅಫ್ರೀನ್ ಒಳಗಿನ ಕೋಣೆಯಲ್ಲಿದ್ದಳು. ಅವಳ ಚಪ್ಪಲಿ ಬಾಗಿಲಲ್ಲೇ ಇತ್ತು. ಎಲ್ಲ ಕೇಳಿಸಿಕೊಂಡಿದ್ದಾಳೆ. ಪರದೆಯ ಈಚೆ ನಿಂತು ಅಫ್ರೀನ್ ಅಂತ ಕರೆದೆ. ‘ಬರ್ತೀನ್ರಿ ಅಕ್ಕಾ’ ಅಂದಳು. ಬರಲಿಲ್ಲ. ಕಾದೆ. ಕೊನೆಗೆ ಪರದೆಯ ಆಚೆಯಿಂದಲೇ ಕೇಳಿದಳು.

‘ಅಕ್ಕಾ, ಆ ಮಂದಿಗೆಲ್ಲ ಹೇಳೀರೇನ್ರಿ? ಇನ್ನಾ ಅವ್ರು ಕಾಲಂತ ಅನ್ಕೊಂಡಾರಾ?’

‘ಇನ್ನಾ ಹೇಳಿಲ್ಲ.’

‘ಹೇಳಿ ಬರ್ರಿ.’

ಗಾದೆಮ್ಮಕ್ಕನ ಮಾತೇ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೂ ಇಲ್ಲ.

ಜುಲೈ 11, ಶುಕ್ರವಾರ

ಹೋಗಲಿಲ್ಲ. ಮಳೆ ಅಂದುಕೊಂಡೆ. ಮಳೆ ಅಂಥದ್ದೇನೂ ಇರಲಿಲ್ಲ.

ಜುಲೈ 12, ಶನಿವಾರ

ಹೋಗಲಿಲ್ಲ. ಉಜ್ಜಿನಿ ರಸ್ತೆಯವರೆಗೂ ಹೋಗಿ ತಿರುಗಿದೆ.

ಜುಲೈ 13, ಭಾನುವಾರ. ಉಜ್ಜಿನಿ

ಗಾಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಹೊಲದ ಅಂಚಿನಲ್ಲಿ ನಿಲ್ಲಿಸಿದ್ದೇನೆ. ಇಂಜಿನ್ ಆರಿಸಿಯಾಗಿದೆ.

ಮೆಣಸಿನ ಗಿಡಕ್ಕೆ ಕಳೆ ತೆಗೆಯುತ್ತಿದ್ದಾರೆ. ಅವತ್ತಿನ ಹೆಣ್ಣಾಳುಗಳೇ. ನನಗೆ ನೀರು ತಂದುಕೊಟ್ಟವಳೂ ಇದ್ದಾಳೆ, ಸಾಲಿನ ಕೊನೆಯಲ್ಲಿ. ಗಾಡಿ ಕಂಡು ಒಬ್ಬೊಬ್ಬರೇ ಸೊಂಟ ನೆಟ್ಟಗೆ ಮಾಡಿ ನಿಂತರು. ಒಬ್ಬಳು ಇನ್ನೊಬ್ಬಳಿಗೆ ಏನೋ ಅಂದಳು. ಇಲ್ಲಿಂದಲೇ ಕಾಣುತ್ತಿದೆ, ಅದೇ ಮೆತ್ತಗಿನ ಮುಖ. ಇನ್ನು ಸ್ವಲ್ಪ ಹೊತ್ತಿಗೆ ಅದು ಇರುವುದಿಲ್ಲ. ಇಷ್ಟು ದಿನ ಬೇಡ ಬೇಡ ಅಂತಿದ್ದ ಆ ಮುಖ ಹೋಗುತ್ತದೆ ಅಂದರೆ ಈಗ ಹೆದರಿಕೆ ಆಗುತ್ತಿದೆ. ನಾಚಿಕೆಗೇಡು.

ದುರುಗಣ್ಣ ಕೈಯ ಮಣ್ಣು ಕೊಡವಿಕೊಂಡು ಈ ಕಡೆ ಬರುತ್ತಿದ್ದಾನೆ. ಕೆಳಗೆ ಇಳಿಯಲು ತೊಂದರೆ ಆದೀತು ಅಂತ ಬಾಗಿಲು ಹಿಡಿಯಲು ಬರುತ್ತಿದ್ದಾನೆ.

‘ಕುಂದ್ರು ತಂಗೀ, ಇಳೀಬ್ಯಾಡ’ ಅಂತ ಕೂಗುತ್ತಿದ್ದಾನೆ. ‘ಕಾಲು ಹೆಂಗೈತೀಗ?’

ಅಲ್ಲಿಂದಲೇ ಶುರು ಮಾಡಬೇಕು. ಕಾಲು ಚೆನ್ನಾಗೈತಣ್ಣ, ಅವತ್ತೂ ಚೆನ್ನಾಗೇ